ಒದ್ದೆ ಕೈ

ಹಲ್ ಪಟ್ಟಣ. ಹೆಸಲ್ ರಸ್ತೆಯ ಹಿಂದಿನ ಓಣಿ.
ನಾನು ಕೌನ್ಸಿಲಿನವಳು; ಚೀಲದಲ್ಲಿ ತೇವ ಅಳೆಯುವ ಮೀಟರು,
ಟಾರ್ಚು, ಮೂರು ಪುಟದ ಫಾರಮ್ಮು.

ಬಾಗಿಲು ತೆರೆದೊಡನೆ ಮೂಗೇ ಮೊದಲು ಒಳಹೊಕ್ಕಿತು:
ನೆನೆದ ಗೋಣಿಚೀಲ, ಅದರ ಮೇಲೆ ಬ್ಲೀಚಿನ ಘಾಟು.
"ಪ್ರತಿ ಶನಿವಾರ ಒರೆಸುತ್ತೇನೆ" ಅಂದಳು ಲೊರೇನ್ ಥ್ಯಾಕ್ರೇ
ನಾನಿನ್ನೂ ಕೇಳಿರಲಿಲ್ಲ,
ತಪ್ಪೊಪ್ಪಿಗೆಯ ದನಿ ಆಗಲೇ ಬಂದುಬಿಟ್ಟಿತ್ತು.

ಉತ್ತರದ ಗೋಡೆ. ಇಬ್ಬರೂ ಸೇರಿ ಬೀರು ಸರಿಸಿದೆವು.
ಕಪ್ಪು, ಹಸಿರುಗಪ್ಪು, ಅಂಚಿಗೆ ಬೂದಿಬಣ್ಣದ ನಯ;
ಬೀರುವಿನ ಆಕಾರವನ್ನು ಗೋಡೆ ಬಾಯಿಪಾಠ ಮಾಡಿಕೊಂಡಿತ್ತು.
ಮೀಟರು ಇಪ್ಪತ್ತೆಂಟಕ್ಕೆ ಏರಿ ಕಿರುಚಿತು.

ಅವಳಿ ಮಕ್ಕಳು. ಒಂದೇ ಬಸಿರು, ಒಂದೇ ಕೋಣೆ, ಒಂದೇ ಗಾಳಿ.
ಟಿಲ್ಲಿ ಗೊರಕೆ ಹೊಡೆದು ಮಲಗುತ್ತಾಳೆ.
ಓವನ್ ರಾತ್ರಿ ಎರಡಕ್ಕೆ ಎದ್ದು ಕೂತು
ನೀಲಿ ಇನ್‌ಹೇಲರಿಗೆ ತಡಕಾಡುತ್ತಾನೆ.
"ಗೋಡೆಯೇ ಕಾರಣವಾದರೆ ಇವಳಿಗೇಕಿಲ್ಲ ಕೆಮ್ಮು?"
ಮನೆ ಮಾಲೀಕನ ಏಜೆಂಟು ಕೇಳಿದ್ದನಂತೆ
ಮೊಕದ್ದಮೆ ಗೆದ್ದವನ ಹಾಗೆ.

ಬೂಸರಿಗೆ ಹಗೆತನವಿಲ್ಲ, ಲೊರೇನ್.
ಅದಕ್ಕೆ ಬೇಕಾದ್ದು ತೇವ, ವಾಲ್‌ಪೇಪರಿನ ಹಿಂದಿನ ಅಂಟು,
ಯಾರೂ ಅಲುಗಿಸದ ನಾಲ್ಕು ದಿನ.
ಹೊಟ್ಟೆ ತುಂಬಿತೋ, ಪುಡಿ ಊದುತ್ತದೆ;
ಸಾವಿರ ಸಲ ಜರಡಿ ಹಿಡಿದರೂ ಸಿಗದಷ್ಟು ನುಣ್ಣನೆ ಪುಡಿ,
ಅದರ ಮೈಮೇಲೊಂದು ಗುರುತು.
ಟಿಲ್ಲಿಯ ಮೈ ಅದನ್ನು ದಾರಿಹೋಕ ಅಂದುಕೊಂಡಿತು.
ಓವನ್‌ನ ಮೈ ಯಾವತ್ತೋ ಒಮ್ಮೆ
ಕಳ್ಳ ಎಂದು ಬರೆದಿಟ್ಟುಕೊಂಡಿತು.
ಅಂದಿನಿಂದ ಕಾವಲಿನವ
ಕಳ್ಳನ ನೆರಳು ಕಂಡರೂ ಸಾಕು,
ಒಡೆಯನ ಕತ್ತು ಹಿಡಿಯುತ್ತಾನೆ.

ಬ್ಲೀಚು ಕೊಲ್ಲುತ್ತದೆ, ನಿಜ.
ಸತ್ತ ಪುಡಿಗೂ ಗುರುತು ಹಾಗೇ ಇರುತ್ತದೆ,
ಒಣಗಿ ಇನ್ನಷ್ಟು ಹಗುರಾಗಿ ತೇಲುತ್ತದೆ.
ಶನಿವಾರ ರಾತ್ರಿಗಳೇ ಅವನಿಗೆ ಕೆಟ್ಟವೇ?
ಹೌದೆಂದಳು.
ಆಮೇಲೆ ನಾನು ಅವಳ ಬಿರಿದ ಕೈ ನೋಡಲಿಲ್ಲ.

ಫಾರಮ್ಮಿನ ಮೂರನೆಯ ಪುಟ. ಕಾರಣ: ಎರಡು ಚೌಕ.
ಬಾಡಿಗೆಯವರ ಬದುಕುವ ರೀತಿ. ಕಟ್ಟಡದ ದೋಷ.
ಏಜೆಂಟಿನ ಪತ್ರದಲ್ಲಿ ಎಲ್ಲವೂ ಇದೆ,
ಕೆಟಲ್ಲಿನ ಹಬೆ, ಒಳಗೆ ಹರವಿದ ಬಟ್ಟೆ, ತೆರೆಯದ ಕಿಟಕಿ;
ಮೂವರೂ ಉಸಿರಾಡುತ್ತಾರೆ ಎಂಬ ದೂರೊಂದು ಬಿಟ್ಟು.

ಸೋದರತ್ತೆ ನೀಲವ್ವನ ಉಪ್ಪಿನಕಾಯಿ ಜಾಡಿಗೆ ಬೂಸರು ಬಂದರೆ
ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದಳು:
"ಒದ್ದೆ ಕೈ ಹಾಕಿದವರ್ಯಾರು?"
ಬೆರಳು ಮೂಸುತ್ತ ಮೂಸುತ್ತ ಬಂದು
ಯಾವಾಗಲೂ ಕಿರಿಯವಳ ಹತ್ತಿರ ನಿಲ್ಲುತ್ತಿದ್ದಳು.
ಕಿರಿಯವಳು ನಾನು.

ಹೊರಗೆ ಹೋಗಿ ತಲೆಯೆತ್ತಿದೆ.
ಸೂರಿನ ನೀರು ಹಿಡಿಯುವ ತಗಡಿಗೆ
ನಮ್ಮ ಕಡೆ ದೋಣಿ ಎನ್ನುತ್ತಾರೆ.
ಈ ದೋಣಿ ಬೆಸುಗೆಯಲ್ಲಿ ಬಾಯಿಬಿಟ್ಟು
ಎಷ್ಟು ಮಳೆಗಾಲದಿಂದಲೋ ಗೋಡೆಯ ಬೆನ್ನಿಗೆ ಸುರಿಯುತ್ತಿದೆ;
ಇಟ್ಟಿಗೆಯ ಮೇಲೆ ಪಾಚಿಯ ಉದ್ದ ನಾಲಗೆ.
ಲೊರೇನ್‌ಗೆ ಆ ಪದ ಹೇಳಿದೆ.
"ತಾತ ಟ್ರಾಲರಿನಲ್ಲಿದ್ದ. ಅವನ ದೋಣಿಯೂ ಸೋರುತ್ತಿತ್ತು,
ಆದರೆ ಯಾರೂ ಅವನಿಗೆ ಕಿಟಕಿ ತೆಗೆ ಅನ್ನಲಿಲ್ಲ."

ಎರಡನೆಯ ಚೌಕಕ್ಕೆ ಗುರುತು ಹಾಕಿದೆ, ಪೆನ್ನು ಕಾಗದ ತೂರುವಷ್ಟು.

ಹೊರಡುವಾಗ ಓವನ್ ಮೀಟರು ಕೇಳಿದ.
ಅಂಗೈಗೆ ಒತ್ತಿಕೊಂಡ. ಕಿರುಚಿತು.
"ನಾನೂ ಒದ್ದೆಯಾ?"
ಟಿಲ್ಲಿ ಆಗಲೇ ತನ್ನ ಕೈ ಚಾಚಿದ್ದಳು.