ಗೇಣು ಕೆಳಗ

ಸಾಖರ ಪೇಠದ ಚೌಕಕ್ಕ ಅವನ ಹೆಸರಿಟ್ಟಾರ.
ತಗಡಿನ ಬೋರ್ಡು, ಮ್ಯಾಲೊಂದು ಟೊಪ್ಪಿಗಿ, ಒಂದು ಕೋಲು.
ಬರದದ್ದು ಮರಾಠಿ. ಅಂವ ಬೈತಿದ್ದದ್ದು ತೆಲುಗಿನಾಗ,
ಮಂದೀನ ಮರಳು ಮಾಡ್ತಿದ್ದದ್ದು ಹಿಂದಿಯೊಳಗ,
ಹೆದರಿದರ ಮಾತ್ರ ಕನ್ನಡ.
ಪ್ರೊಫೆಸರ್ ಇಂದ್ರಮಣಿ.
ಮನ್ಯಾಗ ಗುರಸಿದ್ದ ಹತ್ತೂರೆ, ನಾಕನೇ ಇಯತ್ತೆ ಪಾಸು.

ಆಟ ಯಾಕ ಬಿಟ್ಟ?
ಕೈ ನಡಗತಿತ್ತು ಅಂತಾರ ಒಬ್ಬರು.
ಅಕ್ಕಲಕೋಟಿಗೆ ಹೋಗಿ ಮಾಲಿ ಹಾಕ್ಕೊಂಡ ಅಂತಾರ ಇನ್ನೊಬ್ಬರು.
ಗಿರಣಿ ಭೋಂಗಾ ನಿಂತ ಮ್ಯಾಲ
ತಿಕೀಟ ತಗೊಳ್ಳಾವರ ಕಿಸೆದಾಗ ಏನಿತ್ತು,
ಅಂತಾನ ಚಹಾದ ರಾಜಲಿಂಗಂ, ಬಶಿ ತೊಳಕೋತ.
ನನ್ನ ಯಾರೂ ಕೇಳಂಗಿಲ್ಲ.
ನಾನು ಮಿಸ್ ಶಬನಮ್. ಪೆಟ್ಟಿಗ್ಯಾಗಿನ ಹುಡುಗಿ.
ಖರೇ ಹೆಸರು ಸುಗಲಾ.

ಹನ್ನೆರಡು ವರ್ಷ ಮಡಚಿಕೊಂಡೆ.
ಮೊಣಕಾಲು ಗದ್ದಕ್ಕ, ಹಿಮ್ಮಡ ಕುಂಡಿಗೆ,
ಉಸಿರು ಹೊಟ್ಟಿ ತಳಕ್ಕ.
ಕಡಕ ರೊಟ್ಟಿ ಮುರೀತದ, ಮಡಚಂಗಿಲ್ಲ.
ನಾನು ಮಡಚಿದೆ.
ಪೆಟ್ಟಿಗಿ ತಳದ ಕೆಳಗ ಇನ್ನೊಂದು ತಳ,
ನಡುವ ಒಂದು ಗೇಣು.
ಅಲ್ಲೇ ನನ್ನ ಹರೇ ಹೋತು, ಚಪ್ಪಾಳಿ ಕೇಳಕೋತ.

ಬಾರ್ಶಿಯೊಳಗ, ಐತವಾರ, ಎರಡನೇ ಆಟ.
ಮೂರು ಸಲ ಕೋಲು ಬಡದ, ಮಖಮಲ್ಲು ಜಗ್ಗಿದ, ಬಾಗಿಲಾ ತಗದ.
ಖಾಲಿ.
ಮಂದಿ ಸೀಟಿ ಹೊಡೀತು.
ಅಂವ ಮಂದಿ ಕಡಿ ತಿರಗಬೇಕಿತ್ತು, ಕೈ ಚಾಚಿ
"ಗಾಯಬ್!" ಅನ್ನಬೇಕಿತ್ತು.
ತಿರಗಲಿಲ್ಲ. ತಲಿ ಒಳಗ ಹಾಕಿದ.
"ಸುಗಲಾ," ಅಂದ ಸಣ್ಣ ದನಿಲೆ, "ಎಲ್ಲಿ ಹೋದಿ?"

ತಾನ ಹತರಿ ಹೊಡದ ಹಲಗಿ ಮ್ಯಾಲ ಅಂಗೈ ಆಡಿಸಿದ.
ಸಂದಿನಾಗಿಂದ ಒಂದು ಹನಿ ನನ್ನ ತುಟಿ ಮ್ಯಾಲ ಬಿತ್ತು.
ಉಪ್ಪುಪ್ಪು. ಬೆವರೋ ಏನೋ.
ಪಡದಾ ಬೀಳೂತನಕ ಉಸಿರು ಬಿಡಬಾರದು:
ಅವನದೇ ಕಾಯ್ದೆ.
ನಾನು ಬಿಡಲಿಲ್ಲ.
ಗೇಣು ಕೆಳಗ ಇದ್ದೆ, ಎಂದಿನಂಗ.

ಆ ರಾತ್ರಿನೇ ಕೋಟು ಬ್ಯಾಂಡಿನ ಇಸಾಕನಿಗೆ ಕೊಟ್ಟ.
ಪಾರಿವಾಳ ಧರ್ಮಶಾಲೆ ಮಾಳಿಗಿ ಮ್ಯಾಲಿಂದ ಬಿಟ್ಟ,
ಅವು ನಮಗಿಂತ ಮೊದಲ ಸೊಲ್ಲಾಪುರ ಮುಟ್ಟಿದ್ದವು.
ಈಗ ಗಿರಣಿ ಚಿಮಣಿ ತುಂಬ ಅವೇ,
ಅವರ ಮಕ್ಕಳು, ಮರಿಮಕ್ಕಳು.
ಅವನ ಹೆಸರಿನ ಬೋರ್ಡಿನ ಮ್ಯಾಲೇ ಹೇಲತಾವ.
ಆಮ್ಯಾಲ ಇಪ್ಪತ್ತೆರಡು ವರ್ಷ ಸ್ಟ್ಯಾಂಡಿನ ಮುಂದ ಕುಂತು
ಮಂದಿ ಕೀಲಿ ರಿಪೇರಿ ಮಾಡಿದ.
ನಾನು ಹಾದು ಹೋದರ ಸೆರಗಿನ ತುದಿ ಹಿಡದು
"ಇದ್ದೀಯಲ್ಲ?" ಅಂತಿದ್ದ.
"ಇದೀನಿ ಮಾಸ್ತರ."
ಅಷ್ಟೇ. ಮತ್ತ ಕೀಲಿಗೆ ಅರ ತಿಕ್ಕತಿದ್ದ.

ಪುಣೆದವರು ಬಂದಿದ್ದರು, ಕ್ಯಾಮೆರಾ ತಗೊಂಡು.
ಪೆಟ್ಟಿಗಿ ಕಾಜಿನೊಳಗ ಇಡ್ತಾರಂತ, ಲೈಟು ಬಿಡ್ತಾರಂತ.
ಅದರಾಗ ಜೋಳ ಅದ ಅಂದೆ.
ಅವನ ಆಸ್ತಿ ಯಾರಿಗೆ ಬಂತು ಅಂತ ಬರಕೊಳ್ಳಾಕ
ಪೆನ್ನು ತಗದರು.
ಏನಂತ ಹೇಳಲಿ?
ಹತ್ತಕ್ಕ ಹತ್ತು ಖೋಲಿ, ಏಳು ಮಂದಿ.
ರಾತ್ರಿ ಬಾಗಲ ಸಂದಿನಾಗ ಮಲಗ್ತೀನಿ,
ಯಾರ ಕಾಲಿಗೂ ತಾಗಂಗಿಲ್ಲ.
ಸೊಸಿ ಒಮ್ಮೊಮ್ಮೆ ದೀಪ ಆರಿಸಿ ಕೇಳ್ತಾಳ:
ಆಯಿ ಬಂದಾಳೇನು ಇನ್ನಾ?

ಮೊನ್ನಿ ಮಧ್ಯಾಹ್ನ, ಬೀಡಿ ಕಟ್ಟಕೋತ ಕುಂತಿದ್ದೆ.
ಆರನೂರಾ ನಲವತ್ತೋ ಐವತ್ತೋ.
ಪೆಟ್ಟಿಗ್ಯಾಗ ಟಕ್ ಅಂತು.
ಆ ಸಪ್ಪಳ ನನ್ನ ಎಲುಬಿಗೆ ಗೊತ್ತು.
ಜೋಳದ ಚೀಲ ಹೊರಗ, ಮೊಮ್ಮಗಳು ಇಲ್ಲ.
ಮುಚ್ಚಳ ತಗದೆ. ಖಾಲಿ.
ಗೊತ್ತಿದ್ದರೂ, ಗೊತ್ತಿದ್ದರೂ ನನ್ನ ಕೈ ತಣ್ಣಗಾತು.
"ಎಲ್ಲಿ ಹೋದೇ?"

"ಇಲ್ಲೇ ಇದೀನಲ್ಲ ಆಯೀ, ಕಣ್ಣಿಲ್ಲೇನ ನಿನಗ?"
ತಟ್ಟನ ಹಲಗಿ ಎತ್ತಿ ಎದ್ದು ನಿಂತಳು,
ಕೂದಲ ತುಂಬ ಜೋಳದ ದೂಳು,
ಸೀನಿದಳು ಎರಡು ಸಲ.
ಕಾಯ್ದೆ ಗೀಯ್ದೆ ಹುಡುಗಿಗೆ ಯಾರೂ ಹೇಳಿಲ್ಲ.

ಎಣಿಕಿ ತಪ್ಪಿತ್ತು.
ಎಲ್ಲಾ ಮರಕ್ಕ ಸುರುವಿ, ಮತ್ತ ಒಂದರಿಂದ.