ಗೋಳಿಬಜೆಗೆ ಕಿವಿಗೊಟ್ಟು

ನಾಲ್ಕು ಭಾನುವಾರ ಸೋತೆ.
ಮೊದಲ ಸಲ ಕವಡೆಯ ಹಾಗೆ ಗಟ್ಟಿ,
ಎರಡನೆಯ ಸಲ ಎಣ್ಣೆ ಕುಡಿದು ಮಲಗಿದವು,
ಮೂರನೆಯದರ ಹೊಟ್ಟೆಯೊಳಗೆ ಹಸಿ ಮೈದಾ.
ನಾಲ್ಕನೆಯದರ ಸುದ್ದಿ ಬೇಡ.

ಮೊಸರು ಹುಳಿ ಸಾಲದೇ?
ಸೋಡಾ ಚಿಟಿಕೆಯೋ, ಅರೆಚಿಟಿಕೆಯೋ?
ಬ್ಯಾಂಕಿನಲ್ಲಿ ಚಲನ್ ತುಂಬುವಾಗಲೂ
ಬೆರಳು ಸುಮ್ಮನೆ ಹಿಟ್ಟು ಕಲಸುತ್ತಿತ್ತು.

ಕೊನೆಗೆ ಅಳಕೆಯ ಉಪೇಂದ್ರಣ್ಣನ ಹೋಟೆಲು.
ಅಡುಗೆಕೋಣೆಯ ಬಾಗಿಲಿಗೊರಗಿ ನಿಂತೆ.
ಒದ್ದೆ ಕೈ, ಮುಷ್ಟಿ ತುಂಬ ಹಿಟ್ಟು,
ಹೆಬ್ಬೆರಳ ಸಂದಿಯಿಂದ ಒಂದೊಂದೇ ಜಾರಿ
ಬಾಣಲೆಯಲ್ಲಿ ತಾವಾಗಿಯೇ ಮಗುಚಿಕೊಳ್ಳುತ್ತವೆ!
"ಎಷ್ಟು ನಿಮಿಷ ಬಿಡುವುದು?" ಅಂದೆ.

"ನಾನು ಇದನ್ನು ತಿನ್ನದೆ ಹನ್ನೊಂದು ವರ್ಷ ಮಾರಾಯ್ರೆ,
ಗ್ಯಾಸ್ಟ್ರಿಕ್ಕು. ನನ್ನಲ್ಲಿ ರುಚಿ ಕೇಳಬೇಡಿ.
ಶಬ್ದ ಉಂಟಲ್ಲ, ಶಬ್ದ,
ಬಿದ್ದ ಕೂಡಲೇ ಗಲಾಟೆ, ಮತ್ತೆ ಪಿಸುಮಾತು.
ಪಿಸುಮಾತು ನಿಲ್ಲುವ ಮೊದಲು ತೆಗೆಯಿರಿ."

ಐದನೆಯ ಭಾನುವಾರ
ಟಿವಿ ಆರಿಸಿ, ಫ್ಯಾನು ನಿಲ್ಲಿಸಿ,
ಬಾಣಲೆಗೆ ಕಿವಿಯೊಡ್ಡಿ ಬೆವರುತ್ತಿದ್ದೇನೆ.
ಪಕ್ಕದ ಮನೆಯ ಫ್ಲಾವಿಯಾಬಾಯಿ ಕಿಟಕಿಯಿಂದ,
"ಎಂತದು ಪರಿಮಳ?"
"ಶ್!" ಅಂದೆ.

ಪಾಪ, ಸಿಟ್ಟು ಬಂತು ಅವರಿಗೆ,
ಕಿಟಕಿ ಮುಚ್ಚಿದರು.
ಆರು ಗೋಳಿಬಜೆ, ಮೇಲೆ ಕಾಯಿಚಟ್ನಿ,
ಬಟ್ಟಲು ಕಳಿಸಿದೆ.
(ನಡುವೆ ಒಂಚೂರು ಹಸಿ ಇತ್ತು, ಹೇಳಲಿಲ್ಲ.)

ಸಂಜೆ ಬಟ್ಟಲು ಮರಳಿತು.
ಅದರಲ್ಲಿ ಎರಡು ತುಂಡು ಬಂಗುಡೆ ಪುಳಿಮುಂಚಿ,
ಮಾತಿಲ್ಲ, ಕತೆಯಿಲ್ಲ.
ನಾಲಗೆಗಿಟ್ಟೆ. ಈ ಹುಳಿ ಹುಣಸೆಯದ್ದಲ್ಲ.
ಬಿಂಬುಳಿಯೋ?
ಒಣಗಿಸಿದ್ದೋ, ಹಸಿಯದೋ?
ಆಯಿತು,
ಈ ವಾರವೂ ಚಲನ್ ತಪ್ಪುತ್ತದೆ.