ಮೂವತ್ತು ಅಡಿ ಹಳಿ

ನೀಲಿ ಕೆರೆದರೆ ಕೆಂಪು,
ಕೆಂಪಿನಡಿ ಯಾವ ಕಾಲದ್ದೋ ಕೆನೆಹಳದಿ,
ಅದರಡಿ ಬರೀ ತುಕ್ಕು.
ಬಂದರಿನ ಉಪ್ಪುಗಾಳಿ ನಮಗಿಂತ ಮೊದಲೇ
ಕೆಲಸ ಶುರುಮಾಡಿತ್ತು.

ಎಡಕುಮೇರಿಯ ಏರಿಗೆಂದು ತುಂಬಿದ್ದ ಮರಳು
ಪೆಟ್ಟಿಗೆಯಲ್ಲಿ ಹಾಗೇ ಇದೆ, ಹೆಂಟೆಗಟ್ಟಿ,
ಮೇಲೊಂದು ಕಣಜದ ಮಣ್ಣುಗೂಡು.
"ಬಿಸಾಡಬೇಡ ಮಾರಾಯ್ತಿ, ಜರಡಿ ಹಿಡಿ"
ಎಂದರು ಬೊನಿಫಾಸ್ ಮಾಮ.

ಹದಿನಾಲ್ಕು ತಿಂಗಳು.
ಇಂಜೆಕ್ಟರು ಪೊಳ್ಳಾಚಿಯ ಗುಜರಿಯದು,
ಬುಶ್ಶು ಬೈಕಂಪಾಡಿಯ ಮೋನಬ್ಬರ ಲೇತಿನದು,
ಉಗುರಿನ ಕಪ್ಪು ಮಾತ್ರ ನನ್ನದೇ.

ಇವತ್ತು ಹೊತ್ತಿಕೊಂಡಿತು.
ಮೊದಲು ಕೆಮ್ಮು, ಬಿಳಿ ಹೊಗೆ, ಆಮೇಲೆ
ಶೆಡ್ಡಿನ ತಗಡೆಲ್ಲ ನಡುಗುವ ಗುಡುಗು.
ಕಂಕನಾಡಿಯ ಕಾಗೆಗಳು ಒಟ್ಟಿಗೇ ಎದ್ದವು.

ಮುಂದೆ ಇರುವುದು ಮೂವತ್ತು ಅಡಿ ಹಳಿ,
ಅದೂ ಮೀಟರ್‌ಗೇಜು,
ಊರಿನ ಯಾವ ಹಳಿಗೂ ತಾಗದ್ದು.
ಕೊನೆಗೊಂದು ಸಿಮೆಂಟಿನ ಕಟ್ಟೆ, ಪಪ್ಪಾಯಿ ಗಿಡ.

ಆದರೂ ಮಾಮ ಕಿಟಕಿಯಿಂದ ತಲೆ ಹೊರಹಾಕಿ
ಇಲ್ಲದ ಸಿಗ್ನಲ್ ನೋಡಿದರು.
ಹಾರ್ನ್ ಒತ್ತಿದರು. ಹೊರಡಲಿಲ್ಲ.
ಹಿಂದೆ ತಿರುಗಿ
ಇಲ್ಲದ ಗಾರ್ಡಿಗೆ ಕಾಯುತ್ತ ಕೂತರು.

ಬಫರಿನ ಪಕ್ಕ ನಾನಿದ್ದೆ.
ಹಸಿರು ಬಾವುಟ ಎಲ್ಲಿಂದ ತರಲಿ,
ಎಣ್ಣೆ ಒರೆಸುವ ಬಟ್ಟೆಯನ್ನೇ
ಎತ್ತಿ ಬೀಸಿದೆ.